ಸಮಾಜಘಾತುಕನ ಒಂಟಿತನ: ಬೆಳ್ವೊಲದ ಕಡೆಯಿಂದ ಒಂದು ಓದು

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಆಡುಮಾತಿನಲ್ಲಿ ‘ಉಡಾಳ’ ಎಂಬ ಪದವೊಂದಿದೆ. ಹಿರಿಯರ ಮಾತು ಕೇಳದ, ಸಾಲ ತೀರಿಸದ, ಜಗಳಕ್ಕೆ ಮುಂದಾಗುವ, ಮಾಡಿದ್ದಕ್ಕೆ ನಾಚದ ಗಂಡಸಿಗೆ ಅದು ಸಲ್ಲುತ್ತದೆ. ಪಂಚರು ದೂರುವಾಗ ಬಳಸುವ ಈ ಪದವನ್ನೇ ತಾಯಿ ಮಗನನ್ನು ಅರೆಮುದ್ದಿನಿಂದ ಗದರಿಸುವಾಗಲೂ ಬಳಸುತ್ತಾಳೆ. ಉಡಾಳನಿಗೂ ಒಂದು ಮನೆ, ಒಂದು ಓಣಿ ಇದೆಯೆಂಬ ಗ್ರಹಿಕೆ ಪದದೊಳಗೇ ಅಡಗಿದೆ. ಮನೋವೈದ್ಯಶಾಸ್ತ್ರದ ‘ಸಮಾಜಘಾತುಕ ವ್ಯಕ್ತಿತ್ವದೋಷ’ ಎಂಬ ಪರಿಭಾಷೆಗೆ ಇಂತಹ ಓಣಿಯಿಲ್ಲ.

ಅಮೆರಿಕದ ಮನೋವೈದ್ಯ ಸಂಘದ ರೋಗನಿದಾನ ಕೈಪಿಡಿಯು 1980ರ ಮೂರನೆಯ ಆವೃತ್ತಿಯಲ್ಲಿ ಈ ದೋಷಕ್ಕೆ ಖಚಿತವಾದ ಲಕ್ಷಣಪಟ್ಟಿಯನ್ನು ಒದಗಿಸಿತು. ವಂಚನೆ, ಆವೇಗ, ಆಕ್ರಮಣಶೀಲತೆ, ಹೊಣೆಗೇಡಿತನ, ಪಶ್ಚಾತ್ತಾಪದ ಅಭಾವ ಮೊದಲಾದವು ಇಂದಿಗೂ ಆ ಪಟ್ಟಿಯಲ್ಲಿವೆ. 18 ವರ್ಷ ತುಂಬದವರಿಗೆ ಈ ಹೆಸರನ್ನು ಹಚ್ಚುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣವು ಇನ್ನೊಂದು ಸೂಕ್ಷ್ಮವನ್ನು ಸೇರಿಸಿತ್ತು: ಇಂಥವರಿಗೆ ಸಂಬಂಧ ಬೆಳೆಸುವುದು ಕಷ್ಟವಲ್ಲ, ಉಳಿಸಿಕೊಳ್ಳುವುದು ಆಗದು. 2022ರಿಂದ ಜಾರಿಯಲ್ಲಿರುವ ಹನ್ನೊಂದನೆಯ ಪರಿಷ್ಕರಣವು ಈ ಪ್ರತ್ಯೇಕ ವರ್ಗವನ್ನೇ ಕೈಬಿಟ್ಟು, ದೋಷದ ತೀವ್ರತೆಯನ್ನೂ ಪ್ರಧಾನ ಗುಣಗಳನ್ನೂ ಅಳೆಯುವ ಕ್ರಮಕ್ಕೆ ಬಂದಿದೆ. ಈ ಪಟ್ಟಿಗಳೆಲ್ಲ ಬಹುಮಟ್ಟಿಗೆ ನೊಂದವರ ಕಡೆಯಿಂದ ಬರೆದವು. ನೋಯಿಸಿದವನು ಒಂಟಿಯೇ ಎಂಬ ಪ್ರಶ್ನೆ ಅವುಗಳಲ್ಲಿ ಏಳುವುದಿಲ್ಲ. ಚಿಕಿತ್ಸೆಯನ್ನು ತಾನಾಗಿ ಅರಸಿ ಬರುವವರು ಇವರಲ್ಲಿ ವಿರಳ. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮಾನಸಿಕ ಚಿಕಿತ್ಸಾಲಯ ಆರಂಭವಾಗಿದ್ದರೂ, ಸುತ್ತಲಿನ ಹಳ್ಳಿಗಳ ಉಡಾಳನ ದಾರಿ ಸಾಮಾನ್ಯವಾಗಿ ಠಾಣೆಯ ಕಡೆಗೇ ಹೊರಳುತ್ತದೆ. ಆದ್ದರಿಂದ ಅವನ ಒಳಗನ್ನು ಕಾಣಲು ಸಾಹಿತ್ಯವನ್ನು ಆಶ್ರಯಿಸುವುದು ಅನಿವಾರ್ಯ.

ಪಂಪನ ತಮ್ಮ ಜಿನವಲ್ಲಭನ ಗಂಗಾಧರಂ ಶಾಸನವು ಅವರ ತಾಯಿ ಅಬ್ಬಣಬ್ಬೆಯನ್ನು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳುತ್ತದೆ. ಈ ತಾಯಿಯ ಮಗನ ‘ವಿಕ್ರಮಾರ್ಜುನ ವಿಜಯ’ದ (941) ಹದಿಮೂರನೆಯ ಆಶ್ವಾಸವೇ ರನ್ನನ ‘ಗದಾಯುದ್ಧ’ಕ್ಕೆ ಬೀಜವಾಯಿತೆಂಬುದು ವಿದ್ವಾಂಸರಿಗೆ ತಿಳಿದ ವಿಷಯ. ರನ್ನನು ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ್ದಾನೆ. ಆದರೂ ಕಾವ್ಯದ ಬಹುಪಾಲು ಪ್ರತಿನಾಯಕನ ಹಿಂದೆ ನಡೆಯುತ್ತದೆ. ಅರಗಿನ ಮನೆ, ಕಪಟದ್ಯೂತ, ದ್ರೌಪದಿಯ ಮಾನಭಂಗಗಳ ಕರ್ತೃವಾದ ದುರ್ಯೋಧನನು ಸಂಜಯನ ಜೊತೆಗೆ ಹೆಣಗಳ ನಡುವೆ ಹಾದುಹೋಗುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕೊನೆಗೆ ಕರ್ಣ: ಒಬ್ಬೊಬ್ಬರ ಮುಂದೆಯೂ ನಿಂತು ಮಾತನಾಡುತ್ತಾನೆ.

ನವೋದಯದ ವಿಮರ್ಶೆ ಈ ಪಾತ್ರವನ್ನು ಪಾಶ್ಚಾತ್ಯ ರುದ್ರನಾಟಕದ ನಾಯಕನ ಅಳತೆಗೆ ಹಿಡಿದು ನೋಡಿತು. ಈಚೆಗೆ ಪುರಾಣಪಾತ್ರಗಳಿಗೆ ಮನೋರೋಗದ ಹೆಸರು ಹಚ್ಚುವ ಚಾಳಿ ಬೆಳೆದಿದೆ. ಎರಡನೆಯದು ಮೊದಲನೆಯದಕ್ಕಿಂತ ಅವಸರದ್ದು. ಕರ್ಣನೊಡನೆ ಕೊನೆಯವರೆಗೂ ಸ್ನೇಹವನ್ನು ಉಳಿಸಿಕೊಂಡವನು ಮೇಲೆ ಹೇಳಿದ ಲಕ್ಷಣಕ್ಕೆ ಒಗ್ಗಲಾರ. ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೆ ತಲೆದೂಗುವವನನ್ನು ಭಾವಶೂನ್ಯನೆನ್ನಲಾಗದು. ಆದರೆ ಅವನ ಶೋಕಕ್ಕೆ ಒಂದು ಮಿತಿಯಿದೆ, ರನ್ನನ ಕಾಣ್ಕೆಯಿರುವುದೂ ಅಲ್ಲಿಯೇ. ತಾನು ಕಳೆದುಕೊಂಡವರಿಗಾಗಿ ಅವನು ಅಳುತ್ತಾನೆ. ತನ್ನಿಂದ ನೊಂದು ಬದುಕಿರುವವರ ಕಡೆಗೆ ಆ ಅಳು ತಿರುಗುವುದಿಲ್ಲ. ಶೋಕವಿದ್ದೂ ಪಶ್ಚಾತ್ತಾಪವಿಲ್ಲದ ಸ್ಥಿತಿಯಿದು. ರೋಗನಿದಾನದ ಪಟ್ಟಿ ಪಶ್ಚಾತ್ತಾಪದ ಅಭಾವವನ್ನು ಮಾತ್ರ ಎಣಿಸುತ್ತದೆ, ಅದರ ಪಕ್ಕದಲ್ಲೇ ಇರಬಹುದಾದ ಶೋಕವನ್ನು ಎಣಿಸುವುದಿಲ್ಲ. ಕರ್ಣನ ಕಳೇಬರದ ಮುಂದೆ ದುರ್ಯೋಧನ ಬೇಡುವುದು ರಾಜ್ಯವನ್ನಲ್ಲ, ಒಂದು ಮರುಮಾತನ್ನು. ಅದು ದೊರೆಯುವುದಿಲ್ಲ. ಸಂಧಿಯ ಹಿತವಚನ ಹೇಳುವ ತಂದೆತಾಯಿಗಳೂ ಶರಶಯ್ಯೆಯ ಭೀಷ್ಮನೂ ಮಾತನಾಡುತ್ತಾರೆ, ಆದರೆ ಅವು ಅವನಿಗೆ ಬೇಕಾದ ಮಾತುಗಳಲ್ಲ. ವೈಶಂಪಾಯನ ಸರೋವರದ ನೀರೊಳಗಿಂದ ಅವನನ್ನು ಎಬ್ಬಿಸಿ ಹೊರಗೆ ತರುವುದು ಭೀಮನ ಮೂದಲೆ. ಗೆಳೆಯರೆಲ್ಲ ಮೌನವಾದ ಮೇಲೆ ಅವನೊಡನೆ ಸಂಬಂಧ ಉಳಿದಿರುವುದು ಹಗೆಗೆ ಮಾತ್ರ. ರನ್ನನ ವೀರರಸವನ್ನು ಹೊಗಳುವ ಭರದಲ್ಲಿ ಈ ಅಂಶ ಸಾಕಷ್ಟು ಚರ್ಚೆಗೆ ಬಂದಿಲ್ಲ.

ಇದೇ ಕೌರವ ಬೆಳ್ವೊಲದ ಊರುಗಳ ದೊಡ್ಡಾಟದಲ್ಲಿ ಬೇರೆಯೇ ಆಗಿ ಕಾಣುತ್ತಾನೆ. ಭುಜಕೀರ್ತಿ, ಕಿರೀಟ ಧರಿಸಿ ಅಟ್ಟವೇರುವ ಪಾತ್ರದ ಹೆಸರು, ಬಿರುದುಗಳನ್ನು ಸಾರಥಿ ವಿಚಾರಿಸುತ್ತಾನೆ. ಮಾತಿಗೆ ಮಾತು ಕೊಡುತ್ತಾನೆ. ಕೆಲವೊಮ್ಮೆ ಹಾಸ್ಯವನ್ನೂ ಮಾಡುತ್ತಾನೆ. ದುಷ್ಟನು ಎಷ್ಟೇ ಅಬ್ಬರಿಸಲಿ, ಕೇಳುವವನೊಬ್ಬ ಪಕ್ಕದಲ್ಲಿ ಇದ್ದೇ ಇರುತ್ತಾನೆ. ಇದು ರಂಗತಂತ್ರವೆಂಬುದು ನಿಜ. ಆದರೆ ‘ಉಡಾಳ’ ಎಂಬ ಪದವನ್ನು ಮುದ್ದಿಗೂ ದೂರಿಗೂ ಬಳಸುವ ಜನಪದದ ರಂಗಭೂಮಿ ಇಂತಹ ತಂತ್ರವನ್ನು ಉಳಿಸಿಕೊಂಡಿರುವುದು ಕೇವಲ ಆಕಸ್ಮಿಕವಲ್ಲ. ಬೈಲಹೊಂಗಲ ಸೀಮೆಯ ಸಣ್ಣಾಟ ‘ಸಂಗ್ಯಾ ಬಾಳ್ಯಾ’ದ ಹೆಸರಿನಲ್ಲೇ ಇಬ್ಬರಿದ್ದಾರೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಲಕ್ಷಣಪಟ್ಟಿಗೆ ನಿಜವಾಗಿ ಹೊಂದುವ ಪಾತ್ರ ಬೇಕಿದ್ದರೆ ಧಾರವಾಡದ ಮನೋಹರ ಗ್ರಂಥಮಾಲೆ 1964ರಲ್ಲಿ ಪ್ರಕಟಿಸಿದ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದ ಅಜೀಜನನ್ನು ನೋಡಬೇಕು. ಅಗಸನಾದ ಅವನು ಬ್ರಾಹ್ಮಣನ ವೇಷದಲ್ಲಿ ಸುಲ್ತಾನನ ಮೇಲೆಯೇ ವ್ಯಾಜ್ಯ ಗೆಲ್ಲುತ್ತಾನೆ, ಸಾಯುತ್ತಿರುವ ಮಗುವಿನ ತಾಯಿಯಿಂದ ಲಂಚ ಕೇಳುತ್ತಾನೆ, ಖಲೀಫನ ವಂಶಜನನ್ನು ಕೊಂದು ಅವನ ಉಡುಪನ್ನೇ ತೊಡುತ್ತಾನೆ. ಅವನಲ್ಲಿ ಅಳುಕಿಲ್ಲ, ಮೋಹಕವಾದ ಮಾತುಗಾರಿಕೆಯಿದೆ. ಆದರೆ ಅಂಜುಬುರುಕ ಆಜಮನನ್ನು ಅವನು ನಾಟಕದುದ್ದಕ್ಕೂ ಬಿಟ್ಟಿರುವುದಿಲ್ಲ. ಕಳ್ಳನಿಗೂ ತನ್ನ ಜಾಣ್ಮೆಯನ್ನು ಕಾಣಲು ಒಂದು ಜೊತೆ ಕಣ್ಣು ಬೇಕು. ಆಜಮ ಓಡಿಹೋಗಲು ಯತ್ನಿಸಿ ಸತ್ತ ಮೇಲೆ ಅಜೀಜ ಸಿಕ್ಕಿಬೀಳುತ್ತಾನೆ. ಆಗ ಅವನು ತನ್ನ ಇಡೀ ಕಥೆಯನ್ನು ಬಿಚ್ಚಿಡುವುದು ಸುಲ್ತಾನನ ಮುಂದೆ. ತನ್ನನ್ನು ಅವನ ನಿಜವಾದ ಶಿಷ್ಯನೆಂದೇ ಕರೆದುಕೊಳ್ಳುತ್ತಾನೆ. ಅದು ಪ್ರಾಣ ಉಳಿಸಿಕೊಳ್ಳುವ ಉಪಾಯ ಹೌದು, ಉಪಾಯ ಮಾತ್ರವೆಂದು ಓದಿದರೆ ದೃಶ್ಯ ಬಡವಾಗುತ್ತದೆ. ಮಲತಾಯಿಗೆ ಕಲ್ಲೇಟಿನ ಮರಣದಂಡನೆ ವಿಧಿಸಿದ, ನಜೀಬನನ್ನು ಕಳೆದುಕೊಂಡ ಸುಲ್ತಾನನಿಗೂ ಅಷ್ಟು ಹೊತ್ತಿಗೆ ತನ್ನನ್ನು ಅರಿತವನು ಈ ವಂಚಕನೊಬ್ಬನೇ. ಅವನನ್ನು ಶಿಕ್ಷಿಸದೆ ಅಧಿಕಾರಿಯಾಗಿ ದಖ್ಖನಿಗೆ ಕಳಿಸುತ್ತಾನೆ. ಬರನಿಯೂ ಹೊರಟುಹೋಗುತ್ತಾನೆ. ಪ್ರಾರ್ಥನೆಯ ಕರೆ ಕೇಳುವ ಹೊತ್ತಿಗೆ ಸುಲ್ತಾನ ಸಿಂಹಾಸನದ ಮೇಲೆ ನಿದ್ರೆಹೋಗಿರುತ್ತಾನೆ; ಎಚ್ಚೆತ್ತಾಗ ಎಲ್ಲಿದ್ದೇನೆಂದು ತಿಳಿಯದೆ ಸುತ್ತಲೂ ನೋಡುತ್ತಾನೆ.