ಊರಿನ ಡಿಸೈನ್ ಅಂಗಡಿ: ಗೆಲುವೆಲ್ಲಿ, ಸೋಲೆಲ್ಲಿ

ಸುಳ್ಯ ತಾಲೂಕಿನ ಮರ್ಕಂಜದಂಥ ಊರಿನಲ್ಲಿ ಮದುವೆ, ಒಕ್ಕಲು, ದೈವದ ನೇಮ, ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವ, ಹೊಸ ಅಂಗಡಿಯ ಶುಭಾರಂಭ, ಉತ್ತರಕ್ರಿಯೆ, ಯಾವುದೇ ಇರಲಿ, ದಿನ ಗೊತ್ತಾದ ಕೂಡಲೇ ಮನೆಯವರೊಬ್ಬರು ಸುಳ್ಯ ಪೇಟೆಗೆ ಹೊರಡುತ್ತಾರೆ. ಹೋಗುವುದು ಎರಡು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ತುಂಬ ಮಾದರಿ ಕಾಗದಗಳಿರುವ ಒಂದು ಡಿಸೈನ್ ಅಂಗಡಿಗೆ. ಕಾಗದದಲ್ಲಿ ಗೀಚಿಕೊಂಡು ಹೋದ ನಾಲ್ಕು ಸಾಲು ಅಲ್ಲಿ ಆಮಂತ್ರಣ ಪತ್ರಿಕೆಯಾಗುತ್ತದೆ, ಫ್ಲೆಕ್ಸ್ ಆಗುತ್ತದೆ, ವಾಟ್ಸಾಪಿನಲ್ಲಿ ಹಂಚುವ ಪೋಸ್ಟರ್ ಆಗುತ್ತದೆ. ತಾಲೂಕಿನ ಜನ ದಿನವೂ ಓದುವ ಕನ್ನಡದಲ್ಲಿ ದೊಡ್ಡ ಪಾಲು ಇಂಥ ಅಂಗಡಿಗಳಿಂದಲೇ ಹೊರಡುತ್ತದೆ. ಕತೆ, ಕವಿತೆ, ಸಿನಿಮಾಗಳಿಗೆ ಸಿಗುವ ವಿಮರ್ಶೆಯ ಗಮನ ಈ ಕೆಲಸಕ್ಕೂ ಸಲ್ಲಬೇಕು.

ನನ್ನ ಅಳತೆಗೋಲು ಸರಳವಾದದ್ದು. ಓದುವವರಿಗೆ ಬೇಕಾದ ವಿಷಯ ಒಂದೇ ನೋಟಕ್ಕೆ ಸಿಕ್ಕಿತೇ? ಹಣ ಕೊಟ್ಟು ಮಾಡಿಸಿದವರ ಎದುರಲ್ಲಿ ಓದುಗರ ಪರವಾಗಿ ಒಂದು ಮಾತಾಡುವ ಧೈರ್ಯ ವಿನ್ಯಾಸಕಾರರಿಗೆ ಇತ್ತೇ? ಈ ಎರಡು ಪ್ರಶ್ನೆಗೆ ಹೌದು ಎಂದ ಕಡೆಯಲ್ಲೆಲ್ಲ ಈ ಅಂಗಡಿಗಳು ಗೆದ್ದಿವೆ, ಹೇಳಿದ್ದನ್ನಷ್ಟೇ ಮಾಡಿಕೊಟ್ಟ ಕಡೆ ಸೋತಿವೆ.

ಗೆದ್ದ ಮಾದರಿ ನಮ್ಮಲ್ಲೇ ಇದೆ. ಟೆಂಟಿನ ಮೇಳಗಳ ಕಾಲದಲ್ಲಿ ಜೀಪಿನಲ್ಲೋ ಕಾರಿನಲ್ಲೋ ಮೈಕು ಕಟ್ಟಿ ಹಂಚುತ್ತಿದ್ದ ಯಕ್ಷಗಾನದ ಕರಪತ್ರವನ್ನು ನೆನಪಿಸಿಕೊಳ್ಳಿ. ತೆಳ್ಳಗಿನ ಬಣ್ಣದ ಕಾಗದ, ಒಂದೇ ಬಣ್ಣದ ಶಾಯಿ. ಮೇಲೆ ಮೇಳದ ಹೆಸರು, ನಡುವೆ ದಪ್ಪ ಅಕ್ಷರದಲ್ಲಿ ಪ್ರಸಂಗ, ಆಮೇಲೆ ಸ್ಥಳ, ದಿನ, ಹೊತ್ತು. ಕೆಳಗೆ ಭಾಗವತರು, ಚೆಂಡೆ–ಮದ್ದಳೆ, ಸ್ತ್ರೀವೇಷ, ಹಾಸ್ಯ ಎಂದು ಕಲಾವಿದರ ಪಟ್ಟಿ. ಅಚ್ಚುಮೊಳೆ ಜೋಡಿಸುವವರ ಬಳಿ ಇದ್ದದ್ದು ಕೆಲವೇ ಗಾತ್ರದ ಅಕ್ಷರಗಳು. ಹಾಗಾಗಿ ಯಾವುದು ದೊಡ್ಡದಾಗಬೇಕು, ಯಾವುದು ಚಿಕ್ಕದಾಗಬೇಕು ಎಂದು ಅವರು ಯೋಚಿಸಲೇಬೇಕಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದಲ್ಲಿಂದ ಮೊದಲ್ಗೊಂಡು ಈ ಜಿಲ್ಲೆಗೆ ಮುದ್ರಣದ ದೊಡ್ಡ ಪರಂಪರೆಯಿದೆ. ಆ ಕರಪತ್ರವೂ ಅದೇ ಪರಂಪರೆಯ ಕೂಸು, ಮತ್ತು ಇಂದಿಗೂ ಅದು ಒಳ್ಳೆಯ ವಿನ್ಯಾಸ.

ಈಗಿನ ಅಂಗಡಿಯವರಿಗೆ ಸಾವಿರ ಬಣ್ಣ, ನೂರಾರು ಅಕ್ಷರಶೈಲಿ ಕೈಗೆಟಕುತ್ತವೆ. ಬ್ರಹ್ಮಕಲಶೋತ್ಸವದ ಆಮಂತ್ರಣವೊಂದನ್ನು ಹತ್ತಿರದಿಂದ ನೋಡೋಣ. ತಂತ್ರಿಗಳು, ಮೊಕ್ತೇಸರರು, ವ್ಯವಸ್ಥಾಪನಾ ಸಮಿತಿ, ಜೀರ್ಣೋದ್ಧಾರ ಸಮಿತಿ, ಹೊರೆಕಾಣಿಕೆ ಸಮಿತಿ, ಮಹಿಳಾ ಸಮಿತಿ, ಯುವಕ ಮಂಡಲ ಹೀಗೆ ಪುಟಗಟ್ಟಲೆ ಹೆಸರು. ಇದನ್ನು ಹೀಗಳೆಯುವುದು ತಪ್ಪು. ಆ ಪಟ್ಟಿಯಲ್ಲಿ ಒಂದು ಮನೆತನದ ಹೆಸರು ಬಿಟ್ಟುಹೋದರೆ ಊರಿನಲ್ಲಿ ವರ್ಷಗಟ್ಟಲೆ ಮನಸ್ತಾಪ ಉಳಿದೀತು. ಯಾರ ಹೆಸರು ಎಲ್ಲಿ ಬರಬೇಕು, ಯಾರಿಗೆ ‘ಗೌರವ ಉಪಸ್ಥಿತಿ’, ಯಾರಿಗೆ ‘ಶುಭಾಶಂಸನೆ’ ಎಂಬುದನ್ನು ಬಲ್ಲ ವಿನ್ಯಾಸಕಾರರು ಊರಿನ ಸಂಬಂಧಗಳನ್ನೇ ಬಲ್ಲವರು. ಬೆಂಗಳೂರಿನ ಯಾವ ದೊಡ್ಡ ಏಜೆನ್ಸಿಗೂ ಈ ತಿಳಿವಳಿಕೆ ಇರುವುದಿಲ್ಲ.

ಆದರೆ ಅದೇ ಆಮಂತ್ರಣವನ್ನು ಕೈಗೆತ್ತಿಕೊಂಡ ಅಜ್ಜಿ ಕೇಳುವ ಪ್ರಶ್ನೆಗಳು ಬೇರೆ. ಕಲಶಾಭಿಷೇಕ ಎಷ್ಟು ಗಂಟೆಗೆ? ಹೊರೆಕಾಣಿಕೆ ಯಾವ ದಿನ ತಲುಪಿಸಬೇಕು? ಊಟ ಯಾವಾಗ? ರಾತ್ರಿ ಯಕ್ಷಗಾನದ ಆಟ ಇದೆಯೇ? ಇದಕ್ಕೆ ಉತ್ತರ ಒಳಪುಟಗಳ ಸಣ್ಣ ಅಕ್ಷರಗಳಲ್ಲಿ, ಹೂವಿನ ಚಿತ್ರದ ಮೇಲೆ ಕೂತಿರುತ್ತದೆ. ದಿನ, ಹೊತ್ತು, ದಾರಿ ಮೂರನ್ನೂ ಮೊದಲ ಪುಟದಲ್ಲಿ ಬಿಡಿಯಾಗಿ ಕೊಟ್ಟು, ಹೆಸರುಗಳನ್ನು ಹಿಂದಿನ ಪುಟಗಳಿಗೆ ಕಳಿಸಿದರೆ ಯಾರ ಗೌರವಕ್ಕೂ ಕುಂದಿಲ್ಲ. ಸಮಿತಿಯವರಿಗೆ ಇದನ್ನು ಹೇಳಬೇಕಾದವರು ವಿನ್ಯಾಸಕಾರರೇ.

ಫ್ಲೆಕ್ಸ್ ವಿಷಯದಲ್ಲಿ ನನ್ನ ತಕರಾರು ಹೆಚ್ಚು ಗಟ್ಟಿಯಾದದ್ದು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳ ಮೇಲೆ ದೇಶದಾದ್ಯಂತ ನಿಷೇಧ ಬಂತು. ಆದರೂ ಜಂಕ್ಷನ್ನುಗಳಲ್ಲಿ ಸಾಲುಸಾಲು ಮುಖಗಳ ಫ್ಲೆಕ್ಸ್ ನಿಂತೇ ಇವೆ. ಹಬ್ಬದ ಶುಭಾಶಯಕ್ಕೆ ಹತ್ತು ಮುಖ, ಕ್ರಿಕೆಟ್ ಪಂದ್ಯಾಟಕ್ಕೆ ಇಪ್ಪತ್ತು ಮುಖ. ಪಂದ್ಯಾಟ ಎಲ್ಲಿ, ತಂಡಕ್ಕೆ ಪ್ರವೇಶ ಶುಲ್ಕ ಎಷ್ಟು ಎಂಬುದು ಅಡಿಯಲ್ಲಿ ಒಂದು ಗೆರೆ. ಕಾರ್ಯಕ್ರಮ ಮುಗಿದ ಮೇಲೆ ಅವು ಸೌದೆಯ ರಾಶಿಗೆ ಹೊದಿಕೆಯಾಗಿ, ಹರಿದ ಮೇಲೆ ತೋಡಿಗೆ ಸೇರುತ್ತವೆ. ಅಂಗಡಿಯವರು ಹೇಳುವುದರಲ್ಲೂ ನ್ಯಾಯವಿದೆ. ಬಟ್ಟೆಯ ಬ್ಯಾನರಿಗೆ ಖರ್ಚು ಜಾಸ್ತಿ, ಗಿರಾಕಿಗೆ ಬೇಕಾದದ್ದು ಇವತ್ತೇ, ಆಗದು ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಆದರೆ ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಕೈಕೆಲಸವನ್ನು ಕಿತ್ತುಕೊಂಡಿತು. ಗೋಡೆ, ತಗಡು, ಬಟ್ಟೆಯ ಮೇಲೆ ಕನ್ನಡ ಅಕ್ಷರವನ್ನು ಉರುಟಾಗಿ ತೀಡುತ್ತಿದ್ದವರು ಬೇರೆ ಉದ್ಯೋಗ ಹುಡುಕಿಕೊಂಡರು. ಶಾಶ್ವತ ನಾಮಫಲಕಗಳಿಗಾದರೂ ಅಂಗಡಿಯವರು ಅವರನ್ನು ಕರೆಸಿದರೆ ಊರಿಗೂ ಅಂದ, ಕಾನೂನಿಗೂ ಗೌರವ.

ವ್ಯಾಪಾರಕ್ಕೆ ಈ ಅಂಗಡಿಗಳು ಮಾಡುವ ನಿಜವಾದ ಉಪಕಾರ ಕಾಣುವುದು ಸಣ್ಣ ಲೇಬಲ್ಲುಗಳಲ್ಲಿ. ಅಡಿಕೆ ಬೆಳೆಗಾರರ ಸಹಕಾರಿಯಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿತು. ಅಷ್ಟು ದೊಡ್ಡ ಸಂಸ್ಥೆಗೆ ಪ್ಯಾಕೆಟ್ಟಿನ ವಿನ್ಯಾಸ ಮಾಡಿಸುವ ಶಕ್ತಿಯಿದೆ, ಮನೆಯಲ್ಲಿ ತಯಾರಿಸುವವರಿಗೆ ಅದಿಲ್ಲ. ಪುತ್ತೂರಿನಿಂದಲೇ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಹಲಸಿನ ಮೌಲ್ಯವರ್ಧನೆಯ ಬಗ್ಗೆ ಬರೆದು ಬರೆದು ಎಷ್ಟೋ ಮನೆಗಳಲ್ಲಿ ಉತ್ಸಾಹ ತುಂಬಿತು. ಆ ಉತ್ಸಾಹದಿಂದ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಶರಬತ್ತು ಮಾಡಲು ಹೊರಟ ಸ್ವಸಹಾಯ ಗುಂಪಿನ ಅಕ್ಕಂದಿರಿಗೆ ಮಾರಾಟದ ಸಲಹೆ ಕೇಳಲು ಸಿಗುವುದು ಹೆಚ್ಚಾಗಿ ಈ ಡಿಸೈನ್ ಅಂಗಡಿ. ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ತಯಾರಾದ ದಿನ, ಗರಿಷ್ಠ ಮಾರಾಟ ಬೆಲೆ, ಚೌಕದೊಳಗಿನ ಹಸಿರು ಚುಕ್ಕೆ, ತಯಾರಕರ ವಿಳಾಸ ಇಷ್ಟೂ ಲೇಬಲ್ಲಿನಲ್ಲಿ ಇರಬೇಕೆಂದು ಅವರಿಗೆ ಅಲ್ಲಿ ತಿಳಿದರೆ, ಮನೆಯಂಗಳದ ಹಪ್ಪಳ ಮಂಗಳೂರಿನ ಅಂಗಡಿಯ ಕಪಾಟಿಗೆ ಏರಬಲ್ಲದು. ಇದು ಶುದ್ಧ ಸೇವೆ. ನನ್ನ ಆಕ್ಷೇಪ ಒಂದೇ. ಅಂತರ್ಜಾಲದಿಂದ ಇಳಿಸಿಕೊಂಡ ಹೊಳೆಯುವ ಚಿತ್ರ ಲೇಬಲ್ ತುಂಬ ಕೂತು, ಊರಿನ ಹೆಸರು ಅಂಚಿಗೆ ಹೋಗುತ್ತದೆ. ಆ ಹಪ್ಪಳದ ಬಂಡವಾಳವೇ ಅದು ಹುಟ್ಟಿದ ಊರು. ‘ಮರ್ಕಂಜ’ ಎಂಬ ಹೆಸರು ಲೇಬಲ್ಲಿನ ಮೇಲೆ ದಪ್ಪಕ್ಕೆ ಕಾಣಲಿ.

ಇನ್ನು ಕನ್ನಡದ ವಿಷಯ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ್ದು ಯೂನಿಕೋಡ್, ಅಂಗಡಿಯ ಹಳೆಯ ತಂತ್ರಾಂಶಕ್ಕೆ ಬೇಕಾದದ್ದು ಹಳೆಯ ಫಾಂಟು. ನೇರ ಅಂಟಿಸಿದರೆ ಒತ್ತಕ್ಷರ ಒಡೆದುಹೋಗುತ್ತದೆ, ಆದ್ದರಿಂದ ಎಲ್ಲವನ್ನೂ ಮತ್ತೆ ಟೈಪು ಮಾಡುತ್ತಾರೆ. ‘ಶ್ರದ್ಧಾಂಜಲಿ’ ‘ಶೃದ್ಧಾಂಜಲಿ’ಯಾಗುವುದು, ‘ಜೀರ್ಣೋದ್ಧಾರ’ದ ಮಹಾಪ್ರಾಣ ಬಿದ್ದುಹೋಗುವುದು ಹೀಗೆಯೇ. ರಾತ್ರಿ ಹತ್ತಕ್ಕೆ ಕಳಿಸಿದ ಪ್ರೂಫಿಗೆ ಸಾವಿನ ಮನೆಯವರು ‘ಓಕೆ’ ಎಂದುಬಿಡುತ್ತಾರೆ. ಆ ದುಃಖದಲ್ಲಿ ಅವರು ಅಕ್ಷರ ನೋಡಲಾರರು. ತೀರಿಹೋದ ಅಜ್ಜನ ಭಾವಚಿತ್ರದ ಕೆಳಗೆ ತಪ್ಪು ಕನ್ನಡ ಅಚ್ಚಾಗದಂತೆ ನೋಡಿಕೊಳ್ಳುವ ಹೊಣೆ ಪೂರ್ತಿಯಾಗಿ ಅಂಗಡಿಯವರದ್ದು. ಯೂನಿಕೋಡಿಗೆ ಒಗ್ಗುವ ತಂತ್ರಾಂಶ, ಕನ್ನಡ ಬಲ್ಲ ಇನ್ನೊಂದು ಜೊತೆ ಕಣ್ಣು, ಇಷ್ಟನ್ನು ಅವರು ಒದಗಿಸಿಕೊಳ್ಳಲೇಬೇಕು. ಊರಿನ ನಿವೃತ್ತ ಕನ್ನಡ ಮೇಷ್ಟ್ರನ್ನೋ ಟೀಚರನ್ನೋ ಕೇಳಿದರೆ ಇಲ್ಲ ಎನ್ನಲಾರರು.

ಕಷ್ಟಕಾಲದಲ್ಲಂತೂ ಸ್ಪಷ್ಟವಾದ ಪೋಸ್ಟರು ಜೀವದ ಪ್ರಶ್ನೆ. 2018ರ ಆಗಸ್ಟ್‌ನಲ್ಲಿ ನೆರೆಯ ಕೊಡಗಿನ ಜೋಡುಪಾಲದ ಕಡೆ ಗುಡ್ಡ ಕುಸಿದಾಗಿನ ಆತಂಕವನ್ನು ಸುಳ್ಯದ ಜನ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಆಶ್ರಯ ಎಲ್ಲಿ, ಯಾವ ದಾರಿ ಬಂದ್, ಯಾರಿಗೆ ಫೋನು ಮಾಡಬೇಕು, ಏನು ಸಾಮಾನು ಬೇಕು ಎಂಬ ನಾಲ್ಕು ವಿಷಯವನ್ನು ಮುಖಗಳಿಲ್ಲದೆ, ದಿನಾಂಕ–ಸಮಯ ಸಹಿತ ಹೇಳುವ ಒಂದು ಮಾದರಿಯನ್ನು ಅಂಗಡಿಗಳು ಮಳೆಗಾಲಕ್ಕೆ ಮೊದಲೇ ತಯಾರಿಟ್ಟುಕೊಂಡು ಪಂಚಾಯತಿಗೆ ಕೊಡಬಹುದು. ಅದಕ್ಕೆ ತಗಲುವುದು ಒಂದು ಮಧ್ಯಾಹ್ನದ ಕೆಲಸ.

ಒಟ್ಟಿನಲ್ಲಿ ನನ್ನ ತೀರ್ಮಾನ ಇದು. ಊರಿನ ಸಂಬಂಧಗಳನ್ನು ಬಲ್ಲದ್ದರಲ್ಲಿ, ಸಣ್ಣ ಉತ್ಪಾದಕರ ಕೈಹಿಡಿಯುವುದರಲ್ಲಿ ನಮ್ಮ ಡಿಸೈನ್ ಅಂಗಡಿಗಳಿಗೆ ಸಾಟಿಯಿಲ್ಲ. ಓದುಗರ ಪರ ನಿಲ್ಲುವುದರಲ್ಲಿ, ಅಕ್ಷರಶುದ್ಧಿಯಲ್ಲಿ, ಪರಿಸರದ ಕಾಳಜಿಯಲ್ಲಿ ಅವು ಇನ್ನೂ ಹಿಂದಿವೆ. ಇದನ್ನು ಸರಿಪಡಿಸುವ ಹೊಣೆಯಲ್ಲಿ ಗಿರಾಕಿಗಳಾದ ನಮ್ಮದೂ ಅರ್ಧ ಪಾಲು. ಮುಂದಿನ ಸಲ ಪೋಸ್ಟರ್ ಮಾಡಿಸಲು ಹೋದಾಗ ನಮ್ಮ ಫೋಟೊ ಬೇಡವೆನ್ನೋಣ, ಬಟ್ಟೆಯ ಬ್ಯಾನರ್ ಕೇಳೋಣ, ಪ್ರೂಫನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸೋಣ. ಅಂಗಡಿಯವರು ‘ಇದನ್ನು ಬಿಟ್ಟರೆ ಚಂದ’ ಎಂದಾಗ ಅವರ ಮಾತಿಗೆ ಬೆಲೆ ಕೊಡೋಣ, ಆ ಸಲಹೆಗೂ ಸೇರಿಸಿ ಹಣ ಕೊಡೋಣ.