ತನ್ನದೇ ಮುಖ ಗುರುತಿಸದ ಅಪ್ಪ

ಈ ವಾರ ಎರಡು ಹಳೇ ಸಿನಿಮಾ ನೋಡಿದೆ: ಬಿ.ಎಸ್. ರಂಗಾ ಅವರ 'ಚಂದ್ರಹಾಸ' (1965), ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ' (1977). ಎರಡು ಕಥೆಗಳನ್ನೂ ಕನ್ನಡಿಗರ ಮನೆಮಾತಾಗಿಸಿದ್ದು ನಮ್ಮ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'. ಎರಡರಲ್ಲೂ ರಾಜ್‌ಕುಮಾರ್.

'ಚಂದ್ರಹಾಸ' ಹಿತವಾಗಿದೆ. ಓಲೆಯಲ್ಲಿದ್ದ 'ವಿಷ' ಅನ್ನೋದು 'ವಿಷಯೆ' ಆಗುವ ಜಾಣತನ ಈಗಲೂ ಖುಷಿ ಕೊಡುತ್ತೆ. ಆದರೆ ಮನಸ್ಸಲ್ಲಿ ಕೂತದ್ದು 'ಬಭ್ರುವಾಹನ'.

ಯಾಗದ ಕುದುರೆ ಕಟ್ಟಿದವನು, ಅದರ ಹಿಂದೆ ಬಂದವನು ತನ್ನಪ್ಪ ಅಂತ ತಿಳಿದು ಕಾಲಿಗೆರಗ್ತಾನೆ. ಲಕ್ಷ್ಮೀಶನ ಅರ್ಜುನ ಅವನನ್ನು ಒದೀತಾನೆ, ನೀನು ನನಗೆ ಹುಟ್ಟಿದವನಲ್ಲ ಅಂತಾನೆ. ಓದುವಾಗ ಅದು ಬರೀ ಕ್ರೌರ್ಯ ಅನ್ನಿಸಿತ್ತು. ಸಿನಿಮಾದಲ್ಲಿ ಅಪ್ಪನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ತನ್ನದೇ ಮುಖ ಎದುರಿಗಿದ್ದರೂ ಗಂಡಸಿಗೆ ಹೆಂಡತಿಯ ಶೀಲದ ಮೇಲೇ ಅನುಮಾನ! ಡಬಲ್ ಆಕ್ಟಿಂಗ್ ಇಲ್ಲಿ ಚಿತ್ರಾಂಗದೆಯ ಪರ ಸಾಕ್ಷಿ ಹೇಳುತ್ತೆ. ಪ್ರೇಕ್ಷಕರಿಗೆ ಕಾಣೋದು ಅರ್ಜುನನಿಗೆ ಮಾತ್ರ ಕಾಣಲ್ಲ.

ಮುಂದಿನದು ಕಂಪನಿ ನಾಟಕದ ಧಾಟಿಯ ಪದ್ಯಗಳ ಜಗಳ. ಕೃಷ್ಣನ ಬೆಂಬಲವಿಲ್ಲದೆ ನೀನೆಷ್ಟರವನು ಅಂತ ಮಗ ಮೂದಲಿಸುವಾಗ ಇವತ್ತಿಗೂ ಮೈ ಜುಮ್ಮೆನ್ನುತ್ತೆ.

ತಕರಾರು ಒಂದೇ. ಅವಮಾನ ಆದದ್ದು ತಾಯಿಗೆ, ಸವಾಲ್ ಜವಾಬ್ ಮಾತ್ರ ಗಂಡಸರದ್ದು. ನಾಗಲೋಕದ ಮಣಿ ಸತ್ತ ಅರ್ಜುನನನ್ನು ಎಬ್ಬಿಸಬಹುದು, ಆಡಿದ ಮಾತನ್ನು ಅಳಿಸಲಾರದು.

ಮೊಬೈಲಲ್ಲಿ ಆ ಪದ್ಯಗಳ ತುಣುಕಷ್ಟೇ ನೋಡಿದವರು ಒಮ್ಮೆ ಹಿಂದಿನ ದೃಶ್ಯದಿಂದ ನೋಡಿ. ಮಗನ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ.