ರೀಲ್‌ಗೆ ಸಿಗದ ರೈಡು

ಹುಡುಗನ ಹೆಸರು ಇಲ್ಲಿ ಬೇಡ. ವಯಸ್ಸು ಹತ್ತೊಂಬತ್ತು, ಡಿಗ್ರಿ ಎರಡನೇ ವರ್ಷ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕೊಯ್ಲು ಮುಗಿದ ಮೇಲೆ ನಡೆಯೋ ಹೊನಲು ಬೆಳಕಿನ ಕಬಡ್ಡಿಯಲ್ಲಿ ಈ ವರ್ಷ ಜನ ಕಾಯೋದು ಇವನ ರೈಡಿಗೆ. ಬೆಂಗಳೂರಲ್ಲಿ ಕೂತ ನಮಗೂ ಊರಿನ ಗ್ರೂಪಿನಲ್ಲಿ ಅವನ ರೀಲ್ ಬರ್ತಾನೇ ಇರುತ್ತೆ. ಜೊತೆಗೊಂದು ಮಾತು: "ಕಾಲೇಜ್ ಬಿಡ್ಸಿ, ಸೀದಾ ಪ್ರೊ ಕಬಡ್ಡಿಗೆ ಕಳ್ಸಿ." ಈ ಮಾತು ಈಗ ಅವನ ಮನೆಯಲ್ಲೂ ಚರ್ಚೆಯಾಗ್ತಿದೆ. ಹಾಗಾಗಿ ಆಟವನ್ನ ಸರಿಯಾಗಿ ನೋಡಿ ಹೇಳೋದು ಒಳ್ಳೇದು.

ಮೊದಲು ಇರೋದನ್ನ ಒಪ್ಪಿಕೊಳ್ಳೋಣ. ಅವನ ಮೊದಲ ಹೆಜ್ಜೆ ನಿಜಕ್ಕೂ ಚುರುಕು. ಓಡ್ತಾ ಓಡ್ತಾ ಕೈ ತಾಗಿಸಿ ಬರೋದ್ರಲ್ಲಿ ಈ ಮೂರು ತಾಲೂಕಿನಲ್ಲಿ ನಾನು ನೋಡಿದವರ ಪೈಕಿ ಅವನೇ ಮುಂದೆ. ಅದಕ್ಕಿಂತ ದೊಡ್ಡದು, ಪಾದ ಹಿಡಿದಾಗ ಅವನು ಹಿಂದಕ್ಕೆ ಎಳೆದಾಡಲ್ಲ. ಮೈಯನ್ನ ಮುಂದಕ್ಕೆ ಚೆಲ್ಲಿ ಮಧ್ಯದ ಗೆರೆಗೆ ಕೈ ಚಾಚ್ತಾನೆ. ಇದನ್ನ ಯಾವ ಕೋಚೂ ಒಂದು ವಾರದಲ್ಲಿ ಕಲಿಸೋಕಾಗಲ್ಲ.

ಇನ್ನು ಇಲ್ಲದ್ದು. ಹತ್ತರಲ್ಲಿ ಎಂಟು ರೈಡು ಅವನು ಹೋಗೋದು ತನ್ನ ಬಲಗಡೆಗೇ, ಕೆಣಕೋದು ಎದುರಾಳಿಯ ಎಡ ಕಾರ್ನರನ್ನೇ. ಅಲ್ಲಿ ಗಟ್ಟಿ ಆಳು ನಿಂತ ದಿನ ಅವನ ಹತ್ರ ಎರಡನೇ ಉಪಾಯ ಇರಲ್ಲ. ಎದುರು ಆರು ಜನ ಇದ್ರೂ ಬೋನಸ್ ಗೆರೆ ಕಡೆ ಕಣ್ಣು ಹಾಯಿಸಲ್ಲ. ರೈಡಿಗೆ 30 ಸೆಕೆಂಡ್ ಇದೆ, ಇವನಿಗೆ ಹತ್ತಕ್ಕೇ ಅವಸರ. ಎರಡು ಖಾಲಿ ರೈಡಾಗಿ ಮೂರನೆಯದು ಪಾಯಿಂಟ್ ತರಲೇಬೇಕು ಅನ್ನೋ ಹೊತ್ತಲ್ಲಿ ಈ ಅವಸರ ಎದ್ದು ಕಾಣುತ್ತೆ. ಜೊತೆಗೆ ಅವನ ಆಟವೆಲ್ಲ ಮಣ್ಣಿನದು. ಮ್ಯಾಟ್ ಮೇಲೆ ಶೂ ಹಾಕಿ ತಿರುಗೋದು ಬೇರೆಯದೇ ವಿದ್ಯೆ.

ರೀಲ್‌ನ ತೊಂದರೆ ಇಲ್ಲೇ ಇರೋದು. ಅದರಲ್ಲಿ ಪಾಯಿಂಟ್ ಬಂದ ಹದಿನೈದು ಸೆಕೆಂಡ್ ಮಾತ್ರ ಸಿಗುತ್ತೆ. ಔಟಾಗಿ ಬೆಂಚಲ್ಲಿ ಕೂತಾಗ ಹುಡುಗ ಎದುರು ತಂಡದ ಕಾಲು ನೋಡ್ತಾನಾ, ಜನ ನೋಡ್ತಾನಾ ಅನ್ನೋದು ಸಿಗಲ್ಲ. ರೈಡರನ್ನ ಅಳೆಯೋದಾದ್ರೆ ನಾನು ನೋಡೋದು ಅದನ್ನೇ: ಹಿಡಿಸಿಕೊಂಡು ಹೋದವನು ವಾಪಸ್ ಬಂದು ಮಾಡೋ ಮೊದಲ ರೈಡು. ಇವನು ಸೇಡು ತೀರಿಸೋಕೆ ಅದೇ ಮೂಲೆಗೆ ಹೋಗ್ತಾನೆ, ಬಹಳ ಸಲ ಮತ್ತೆ ಸಿಕ್ಕಿಬೀಳ್ತಾನೆ.

ಪವನ್ ಸೆಹ್ರಾವತ್ 2019ರಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ಪಾಯಿಂಟ್ ತಗೊಂಡಿದ್ದು ಎಲ್ಲರಿಗೂ ನೆನಪಿದೆ. ಅದೇ ಪವನ್ 2017ರಲ್ಲಿ ಗುಜರಾತ್ ತಂಡದಲ್ಲಿದ್ದಾಗ ಹೆಚ್ಚು ಅವಕಾಶ ಸಿಗದೆ ಕೂತಿದ್ದು ಯಾರಿಗೂ ನೆನಪಿಲ್ಲ. ಆಗ ಆ ತಂಡದ ನಾಯಕ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ. ತಂಡವನ್ನ ಫೈನಲ್‌ವರೆಗೆ ಕರೆದೊಯ್ದರು. ಮರು ಸೀಸನ್‌ಗೆ ಬೆಂಗಳೂರು ಬುಲ್ಸ್‌ಗೆ ಮರಳಿದ ಪವನ್, 2019ರ ಜನವರಿಯ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ 22 ಪಾಯಿಂಟ್ ತಗೊಂಡು ಕಪ್ ಗೆಲ್ಲಿಸಿದರು. ಅಂಥ ಆಟಗಾರನೂ ಬೆಂಚಲ್ಲಿ ಕಾಯಬೇಕಾಯ್ತು.

ನನ್ನ ತೀರ್ಮಾನ ಇಷ್ಟು: ಇವನು ಇವತ್ತು ಒಳ್ಳೆ ತಾಲೂಕು ಮಟ್ಟದ ರೈಡರ್. ಎಡಗಡೆಯ ಆಟ, ಬೋನಸ್, ಮ್ಯಾಟಿನ ಅಭ್ಯಾಸ ಈ ಮೂರೂ ಕೂಡಿದರೆ ಎರಡು ವರ್ಷದಲ್ಲಿ ವಿಶ್ವವಿದ್ಯಾಲಯ ತಂಡದಲ್ಲಿ, ಆಮೇಲೆ ರಾಜ್ಯ ತಂಡದ ಆಯ್ಕೆಯ ಸಾಲಿನಲ್ಲಿ ನಿಲ್ಲಬಲ್ಲ. ಪ್ರೊ ಕಬಡ್ಡಿ ಅದರಾಚೆಯ ಮಾತು. ಅಲ್ಲೀವರೆಗೆ ಡಿಗ್ರಿ ಬಿಡೋದು ಬೇಡ. ಕ್ರೀಡಾ ಕೋಟಾದಲ್ಲಿ ರೈಲ್ವೆಗೋ ಪೊಲೀಸ್ ಇಲಾಖೆಗೋ ಹೋಗೋ ದಾರಿಯೂ ಇದೆ, ಅದೇನೂ ಸೋಲಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಟ್ರೋಫಿ ಪ್ರಾಯೋಜಿಸೋಕೆ ದುಡ್ಡು ಕೇಳ್ತಾರಲ್ಲ, ಆ ದುಡ್ಡನ್ನ ಒಂದು ವರ್ಷ ಮ್ಯಾಟಿಗೆ ಅಂತ ಕೊಡೋಣ. ಐದಡಿ ಎತ್ತರದ ಕಪ್ಪುಗಳಿಗೆ ಅವನ ಮನೆಯ ಶೋಕೇಸಲ್ಲಿ ಹೇಗೂ ಜಾಗ ಇಲ್ಲ.